ಕೆಂಪಲ್ಲ, ಬೂದು

ಮಾರ್ಚ್‌ನಲ್ಲಿ ಐರಿಶರ ಸೇಂಟ್ ಪ್ಯಾಟ್ರಿಕ್ಸ್ ಡೇ ಹಬ್ಬ ಬಂತೆಂದರೆ ನಮ್ಮನೆಯಲ್ಲಿ ಒಂದು ಜಗಳ ಇದ್ದದ್ದೇ. ಕೆಂಪೋ, ಬೂದೋ? ಕಾರ್ನ್ಡ್ ಬೀಫ್, ಅಂದರೆ ಉಪ್ಪಿನಲ್ಲಿ ಹದಗೊಳಿಸಿದ ದನದ ಮಾಂಸದ ವಿಷಯ ಹೇಳ್ತಿದ್ದೀನಿ. ಸೂಪರ್‌ಮಾರ್ಕೆಟ್ಟಿನಲ್ಲಿ ಉಪ್ಪುನೀರಿನ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಸಿಗುವುದು ಹೆಚ್ಚಾಗಿ ಕೆಂಪು. ಸೋಡಿಯಂ ನೈಟ್ರೈಟ್ ಹಾಕಿರುತ್ತಾರಾದ್ದರಿಂದ ಗಂಟೆಗಟ್ಟಲೆ ಬೇಯಿಸಿದರೂ ಗುಲಾಬಿ ಬಣ್ಣ ಹೋಗುವುದಿಲ್ಲ. ಬಾಸ್ಟನ್ನಿನ ಹಳಬರು ಅದನ್ನು ಮುಟ್ಟುವುದಿಲ್ಲ. ಬರೀ ಉಪ್ಪಿನಲ್ಲಿ ಹದಗೊಳಿಸಿದ, ಬೆಂದ ಮೇಲೆ ಬೂದು ಬಣ್ಣಕ್ಕೆ ತಿರುಗುವ ಮಾಂಸವೇ ಅವರಿಗೆ ಆಗಬೇಕು. ನಮ್ಮತ್ತೆ ಹಳಬರಲ್ಲಿ ಹಳಬರು. ಹುಟ್ಟಿದ್ದು, ಬೆಳೆದದ್ದು, ಇವತ್ತಿಗೂ ಇರುವುದು ಸೌತ್ ಬಾಸ್ಟನ್ನಿನಲ್ಲೇ. ಅವರ ಅಜ್ಜ ಐರ್ಲೆಂಡಿನ ಕಾರ್ಕ್ ಕೌಂಟಿಯಿಂದ ಹಡಗು ಹತ್ತಿ ಬಂದವರು. ನನ್ನ ಗಂಡ ಒಮ್ಮೆ ಮರೆತು ಕೆಂಪು ಚೀಲ ತಂದಿದ್ದ. "ಇದು ನ್ಯೂಯಾರ್ಕಿನವರು ತಿನ್ನೋದು" ಅಂತ ಅತ್ತೆ ಅದನ್ನು ಫ್ರೀಜರಿನ ಮೂಲೆಗೆ ತಳ್ಳಿದರು. ಅದು ಇನ್ನೂ ಅಲ್ಲೇ ಇರಬೇಕು.

ಮದುವೆಗೆ ಮುಂಚೆ ನಾನು ಬೀಫ್ ತಿಂದವಳಲ್ಲ. ಆ ಕಥೆ ದೊಡ್ಡದು, ಇಲ್ಲಿ ಬೇಡ. ಕಾರ್ನ್ಡ್ ಬೀಫ್ ಅಂತ ಮೊದಲ ಸಲ ಕೇಳಿದಾಗ ಪಾತ್ರೆಯಲ್ಲಿ ಮುಸುಕಿನ ಜೋಳ ಹುಡುಕಿದವಳು ನಾನು. ಹಳೆಯ ಇಂಗ್ಲಿಷಿನಲ್ಲಿ ಕಾರ್ನ್ ಅಂದರೆ ಕಾಳು. ಇಲ್ಲಿ ಅದು ಉಪ್ಪಿನ ಕಾಳು, ಕಾಳಿನಷ್ಟು ದಪ್ಪ ಹರಳಿನ ಕಲ್ಲುಪ್ಪು. ಇದು ಗೊತ್ತಾದ ಮೇಲೆ ಅಪರಿಚಿತ ಅನ್ನಿಸಲಿಲ್ಲ. ಮಾವಿನ ಮಿಡಿಯನ್ನು ಕಲ್ಲುಪ್ಪಿನಲ್ಲಿ ಹಾಕಿ ಸುಕ್ಕುಗಟ್ಟುವವರೆಗೆ ಕಾಯುವ ಮನೆಯಿಂದ ಬಂದವಳಿಗೆ, ದನದ ಎದೆಭಾಗದ ಬ್ರಿಸ್ಕೆಟ್ಟನ್ನು ವಾರಗಟ್ಟಲೆ ಉಪ್ಪುನೀರಿನಲ್ಲಿ ಮುಳುಗಿಸಿಡುವ ಅತ್ತೆಯ ತಾಳ್ಮೆ ಅರ್ಥವಾಯಿತು. ಮೇಲೆ ತೇಲದಂತೆ ತಟ್ಟೆ ಕವುಚಿ ಭಾರ ಇಡುವುದೂ ಹಾಗೇ.

ಅಡುಗೆಯ ದಿನ ಅವರು ಗಡಿಯಾರ ನೋಡುವುದಿಲ್ಲ. ಮೊದಲು ತಣ್ಣೀರಿನಲ್ಲಿಟ್ಟು ಕುದಿ ಬಂದ ಕೂಡಲೇ ಆ ನೀರನ್ನು ಚೆಲ್ಲುತ್ತಾರೆ. ಹೊಸ ನೀರು, ಪಲಾವಿನೆಲೆ, ಕರಿಮೆಣಸು, ಒಂದಿಷ್ಟು ಸಾಸಿವೆ. ಆಮೇಲೆ ಉರಿ ಸಣ್ಣ. ನಾಲ್ಕು ಪೌಂಡಿನ ತುಂಡಿಗೆ ಮೂರು ಗಂಟೆ, ಕೆಲವೊಮ್ಮೆ ಮೂರೂವರೆ. ನೀರು ಕೊತಕೊತ ಕುದಿಯಬಾರದು, ಆಗೊಂದು ಈಗೊಂದು ಗುಳ್ಳೆ ಎದ್ದರೆ ಸಾಕು. ಬ್ರಿಸ್ಕೆಟ್ ಅಂದರೆ ದನದ ಭಾರ ಹೊತ್ತು ದುಡಿದ ಸ್ನಾಯು; ಅದರೊಳಗಿನ ಕಾಲಜನ್ ಎಂಬ ಗಟ್ಟಿ ನಾರು ಕರಗಿ ಅಂಟಿನಂತಾಗುವುದಕ್ಕೆ ಹೊತ್ತು ಬೇಕೇ ಬೇಕು. ನಾನು ಒಂದು ಸಲ ಆಫೀಸಿನಿಂದ ತಡವಾಗಿ ಬಂದು, ದೊಡ್ಡ ಉರಿಯಲ್ಲಿ ಒಂದೂವರೆ ಗಂಟೆಗೆ ಮುಗಿಸಿದೆ. ನೀರನ್ನೂ ಚೆಲ್ಲಿರಲಿಲ್ಲ. ಉಪ್ಪುಪ್ಪಾದ ಚಪ್ಪಲಿ. ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡು, ಅಗಿದು, ಅಗಿದು, "ಆಲೂಗಡ್ಡೆ ಚೆನ್ನಾಗಿ ಬೆಂದಿದೆ" ಅಂದರು.

ಹೋಳು ಮಾಡುವುದನ್ನು ಮಾತ್ರ ಅವರು ಇನ್ನೂ ಯಾರಿಗೂ ಬಿಟ್ಟುಕೊಟ್ಟಿಲ್ಲ. ಕನ್ನಡಕ ಹಾಕಿಕೊಂಡು, ಮಾಂಸದ ಎಳೆ ಯಾವ ಕಡೆ ಓಡಿದೆ ಅಂತ ಬೆರಳಿನಿಂದ ಸವರಿ ನೋಡಿ, ಅದಕ್ಕೆ ಅಡ್ಡವಾಗಿ ಚಾಕು ಇಡುತ್ತಾರೆ. ಎಳೆಯ ಜೊತೆಗೇ ಕೊಯ್ದರೆ ಹುರಿಹಗ್ಗ; ಅಡ್ಡ ಕೊಯ್ದರೆ ಫೋರ್ಕ್ ತಾಗಿಸಿದರೆ ಸಾಕು, ಬಿಡಿಸಿಕೊಳ್ಳುತ್ತದೆ. ಎಲೆಕೋಸು ಕೊನೆಯ ಕಾಲು ಗಂಟೆಗೆ. ಆ ಹೊತ್ತಿಗೆ ಅಡುಗೆಮನೆಯ ಕಿಟಕಿ ಗಾಜೆಲ್ಲ ಮಂಜು ಹಿಡಿದು ಹೊರಗಿನ ಹಿಮ ಕಾಣುವುದಿಲ್ಲ. ಇಲ್ಲಿನ ನನ್ನ ಮೊದಲ ಚಳಿಗಾಲದಲ್ಲಿ ಜ್ವರ ಬಿಟ್ಟ ಮರುದಿನ ಆ ಬಿಸಿನೀರನ್ನೇ, ಅಂದರೆ ಸಾರನ್ನೇ, ಒಂದು ಲೋಟ ಕುಡಿಸಿದ್ದರು. ಅವತ್ತಿನಿಂದ ಮೈ ಹುಷಾರಿಲ್ಲ ಅಂದರೆ ನನ್ನ ಮೂಗು ಹುಡುಕುವುದು ಆ ಕೋಸಿನ ವಾಸನೆಯನ್ನು.

ಇದು ಐರಿಶ್ ಅಡುಗೆ ಅಂತಲೇ ನಾನು ನಂಬಿದ್ದೆ. ಕಾರ್ಕಿಗೆ ಹೋದಾಗ ಗಂಡನ ದೂರದ ನೆಂಟರ ಮನೆಯಲ್ಲಿ ಊಟಕ್ಕೆ ಕೂರಿಸಿ ಬಡಿಸಿದ್ದು ಬೇಕನ್ ಮತ್ತು ಕೋಸು. ಹಂದಿಮಾಂಸ! ಕಾರ್ನ್ಡ್ ಬೀಫ್ ಕೇಳಿದರೆ "ಅದು ನಿಮ್ಮ ಅಮೆರಿಕದವರದ್ದಲ್ವಾ" ಅಂತ ನಕ್ಕರು. ತಮಾಷೆ ಏನೆಂದರೆ, ಒಂದು ಕಾಲಕ್ಕೆ ಜಗತ್ತಿಗೆಲ್ಲ ಉಪ್ಪು ಹಾಕಿದ ಗೋಮಾಂಸ ಕಳಿಸಿದ ಊರೇ ಕಾರ್ಕ್. 1660ರ ದಶಕದಲ್ಲಿ ಇಂಗ್ಲೆಂಡ್ ಕಾನೂನು ತಂದು ಐರ್ಲೆಂಡಿನ ಜೀವಂತ ದನಗಳನ್ನು ತನ್ನ ನೆಲಕ್ಕೆ ಬಿಟ್ಟುಕೊಳ್ಳುವುದನ್ನು ನಿಲ್ಲಿಸಿತು. ದನ ಹೋಗುವ ಹಾಗಿಲ್ಲ ಅಂದಮೇಲೆ ಕಡಿದು, ಉಪ್ಪು ಹಾಕಿ, ಪೀಪಾಯಿಗೆ ತುಂಬಿ ಕಳಿಸಿದರು: ಬ್ರಿಟಿಷ್ ನೌಕಾಪಡೆಗೆ, ಕೆರಿಬಿಯನ್ನಿನ ಕಬ್ಬಿನ ತೋಟಗಳಿಗೆ. ಸಾಕಿದ, ಕಡಿದ, ಉಪ್ಪು ತಿಕ್ಕಿದ ಬಡವರ ತಟ್ಟೆಗೆ ಮಾತ್ರ ಆಲೂಗಡ್ಡೆ. 1845ರಿಂದ ಆ ಆಲೂಗಡ್ಡೆಯೂ ಕೊಳೆಯಿತು. ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ, ಇನ್ನೂ ಹೆಚ್ಚೇ ಇರಬಹುದು, ಹಡಗು ಹತ್ತಿದರು.

ನ್ಯೂಯಾರ್ಕಿನಂಥ ಊರುಗಳಲ್ಲಿ ಇಳಿದವರಿಗೆ ತಮ್ಮೂರಿನ ಬೇಕನ್ ದುಬಾರಿ. ಪಕ್ಕದ ಬೀದಿಯ ಯಹೂದಿ ಕಟುಕರ ಅಂಗಡಿಯಲ್ಲಿ ಉಪ್ಪಿನ ಬ್ರಿಸ್ಕೆಟ್ ಅಗ್ಗ. ಹಂದಿ ಮಾರದ ಅಂಗಡಿಯಿಂದ ತಂದ ಮಾಂಸ ಹಂದಿಯ ಜಾಗಕ್ಕೆ ಬಂತು. ಕೋಸು ಹಾಗೇ ಉಳಿಯಿತು.

ಇದನ್ನೆಲ್ಲ ಕಾರ್ಕಿನಿಂದ ಬಂದ ಮೇಲೆ ಅತ್ತೆಗೆ ಉತ್ಸಾಹದಿಂದ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು. "ಅಜ್ಜನಿಗೆ ಕಾರ್ಕಿನಲ್ಲಿ ಹೊಟ್ಟೆ ತುಂಬಿದ್ದರೆ ಇಲ್ಲಿಗೆ ಯಾಕೆ ಬರ್ತಿದ್ದ?" ಅಂದು ಕ್ಯಾರೆಟ್ ಹೆರೆಯುವುದನ್ನು ಮುಂದುವರಿಸಿದರು. ಅವರ ಚಿಂತೆಗಳೇ ಬೇರೆ. 2023ರಲ್ಲಿ ಸೇಂಟ್ ಪ್ಯಾಟ್ರಿಕ್ಸ್ ಡೇ ಶುಕ್ರವಾರ ಬಿದ್ದಿತ್ತು. ಈಸ್ಟರಿಗೆ ಮುಂಚಿನ ಲೆಂಟ್ ಎಂಬ ಉಪವಾಸದ ಕಾಲದಲ್ಲಿ ಶುಕ್ರವಾರ ಕ್ಯಾಥೊಲಿಕರಿಗೆ ಮಾಂಸ ನಿಷಿದ್ಧ. ಎಷ್ಟೋ ಕಡೆಯ ಬಿಷಪ್ಪರು ಆ ಒಂದು ದಿನಕ್ಕೆ ವಿನಾಯಿತಿ ಕೊಟ್ಟರು. ಅತ್ತೆ ಅದಕ್ಕೆ ಕಾಯದೆ ಹತ್ತು ದಿನ ಮೊದಲೇ ಮಾಂಸವನ್ನು ಉಪ್ಪಿಗೆ ಹಾಕಿಯಾಗಿತ್ತು.

ನನಗೆ ಹಬ್ಬದ ಊಟಕ್ಕಿಂತ ಮರುದಿನದ ಬೆಳಗ್ಗೆ ಇಷ್ಟ. ಉಳಿದ ಮಾಂಸ, ಉಳಿದ ಆಲೂಗಡ್ಡೆ, ಈರುಳ್ಳಿ ಸಣ್ಣಗೆ ಹೆಚ್ಚಿ ಕಬ್ಬಿಣದ ಬಾಣಲೆಗೆ ಬೆಣ್ಣೆ ಹಾಕಿ ಒತ್ತಿ ಹರಡುವುದು. ಹ್ಯಾಶ್ ಅಂತಾರೆ. ಉಪ್ಪಿಟ್ಟು ತಿರುವಿ ಅಭ್ಯಾಸವಾದ ನನ್ನ ಕೈ ಸುಮ್ಮನಿರುವುದಿಲ್ಲ, ಸೌಟು ಹಿಡಿದು ಮುಂದೆ ಹೋಗುತ್ತದೆ. ಅತ್ತೆ ಮಣಿಕಟ್ಟಿನ ಮೇಲೊಂದು ಮೆಲ್ಲಗೆ ಕೊಡುತ್ತಾರೆ. "ಮುಟ್ಟಬೇಡ. ತಳ ಹಿಡೀಲಿ."