ಶುಕ್ರವಾರದ ದಿನ ಹೈದರಾಬಾದಿನಲ್ಲಿ ಇಳಿಯಬೇಡಿ

ದಸರಾ ರಜೆಯಲ್ಲಿ ನಾಲ್ಕು ದಿನಗಳ ಮಟ್ಟಿಗೆ ಬೆಂಗಳೂರಿನಿಂದ ಹೈದರಾಬಾದಿಗೆ ಹೋಗಿಬಂದೆವು. ನಾನು, ನಮ್ಮ ಯಜಮಾನರು, 71 ವರ್ಷದ ಅತ್ತೆ, ಏಳನೆಯ ತರಗತಿಯ ಮಗಳು, ನಾಲ್ಕನೆಯ ತರಗತಿಯ ಮಗ, ಹೀಗೆ ಐದು ಜನ. ನೋಡಬೇಕಾದ ಜಾಗಗಳ ಪಟ್ಟಿಯನ್ನು ತಿಂಗಳ ಮೊದಲೇ ಮಾಡಿಕೊಂಡಿದ್ದೆವು. ಆದರೆ ವಾರದ ಯಾವ ದಿನ ಆ ಊರು ಸೇರಬೇಕು, ಯಾವ ನಿಲ್ದಾಣದಲ್ಲಿ ಇಳಿಯಬೇಕು ಎಂಬ ಎರಡು ವಿಷಯಗಳನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ನಮಗಾದ ತೊಂದರೆಗಳಲ್ಲಿ ಹೆಚ್ಚಿನವು ಈ ಎರಡರಿಂದಲೇ ಹುಟ್ಟಿದವು. ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಮೊದಲು ನಿಲ್ದಾಣದ ವಿಷಯ. ಹೈದರಾಬಾದಿನಲ್ಲಿ ದೊಡ್ಡ ರೈಲು ನಿಲ್ದಾಣ ಒಂದಲ್ಲ. ನಾಂಪಲ್ಲಿಯಲ್ಲಿರುವುದು ಹೈದರಾಬಾದ್ ಡೆಕ್ಕನ್, ಸಿಕಂದರಾಬಾದಿನದು ಬೇರೆ, ಕಾಚಿಗೂಡದ್ದು ಮತ್ತೂ ಬೇರೆ. ನಮ್ಮ ಟಿಕೆಟ್ಟಿನಲ್ಲಿ ಕಾಚಿಗೂಡ ಎಂದು ಸ್ಪಷ್ಟವಾಗಿಯೇ ಇತ್ತು. ಅದು ಸಿಕಂದರಾಬಾದಿನ ಪಕ್ಕದ ಬಡಾವಣೆಯಿರಬೇಕೆಂದು ಭಾವಿಸಿ ನಾವು ಸಿಕಂದರಾಬಾದ್ ನಿಲ್ದಾಣದ ಬಳಿ ಕೋಣೆ ಹಿಡಿದೆವು, ಅಲ್ಲಿಗೇ ಕಾರನ್ನೂ ಮುಂಗಡವಾಗಿ ಹೇಳಿದೆವು. ಬೆಳಗಿನ ಆರೂವರೆಗೆ ನಿಜಾಮರ ಕಾಲದ ಕಾಚಿಗೂಡ ನಿಲ್ದಾಣದಲ್ಲಿ ಇಳಿದು ಚಾಲಕನಿಗೆ ಫೋನು ಮಾಡಿದರೆ ಅವನು ಆರೇಳು ಕಿಲೋಮೀಟರ್ ಆಚೆ ನಮಗಾಗಿ ಕಾಯುತ್ತಿದ್ದ. ಅವನ ತಪ್ಪೇನೂ ಇರಲಿಲ್ಲವಾದ್ದರಿಂದ ಕಾದದ್ದಕ್ಕೆ ಅವನು ಕೇಳಿದ 300 ರೂಪಾಯಿಯನ್ನು ಕೊಟ್ಟು, ಎರಡು ಆಟೋ ಮಾಡಿಕೊಂಡು ಹೊರಟೆವು. ಟಿಕೆಟ್ ಕಾಯ್ದಿರಿಸಿದ ಕೂಡಲೇ ನಿಲ್ದಾಣದ ಹೆಸರನ್ನು ನಕಾಶೆಯಲ್ಲಿ ನೋಡಿ, ಅನಂತರವೇ ವಸತಿ ಹುಡುಕಿ.

ವಸತಿಗೃಹದಲ್ಲಿ ಇನ್ನೊಂದು ಪಾಠ ಕಾದಿತ್ತು. ಆನ್‌ಲೈನಿನಲ್ಲಿ ‘ಫ್ಯಾಮಿಲಿ ರೂಂ’ ಎಂದಿದ್ದುದನ್ನು ನಂಬಿ ಪೂರ್ತಿ ಹಣ ಕಟ್ಟಿದ್ದೆವು. ಹೋಗಿ ನೋಡಿದರೆ ಅದು ಇಬ್ಬರು ಮಲಗುವ ಒಂದು ಮಂಚದ ಕೋಣೆ. ಉಳಿದ ಮೂವರಿಗೆ ನೆಲದ ಮೇಲೆ ಹಾಸಲು ಕೊಡುವ ಒಂದೊಂದು ತೆಳು ಹಾಸಿಗೆಗೂ ದಿನಕ್ಕೆ 400 ರೂಪಾಯಿ ಬೇರೆ. ಕೋಣೆ ಸಿಗುವುದು ಮಧ್ಯಾಹ್ನ 12ಕ್ಕೆ, ಬೆಳಗ್ಗೆಯೇ ಬೇಕಾದರೆ ಇನ್ನೂ 800 ರೂಪಾಯಿ. ರಾತ್ರಿಯಿಡೀ ಪ್ರಯಾಣ ಮಾಡಿದ ಅತ್ತೆಯವರನ್ನು ಕೆಳಗಿನ ಬೆಂಚಿನ ಮೇಲೆ ಐದು ಗಂಟೆ ಕೂರಿಸಲಾರದೆ ಎಲ್ಲವನ್ನೂ ಕೊಟ್ಟೆವು. ರಾತ್ರಿ ರೈಲಿನಲ್ಲಿ ಹೋಗುವವರು ಹಣ ಕಟ್ಟುವ ಮುನ್ನ ವಸತಿಗೃಹಕ್ಕೇ ನೇರವಾಗಿ ಫೋನು ಮಾಡಬೇಕು. ಕೋಣೆಯಲ್ಲಿ ಮಂಚಗಳೆಷ್ಟು, ಎಷ್ಟು ವರ್ಷದ ಮಕ್ಕಳಿಗೆ ಹಣ ಹಿಡಿಯುತ್ತಾರೆ, ಬೆಳಗಿನ ಏಳಕ್ಕೆ ಬಂದರೆ ಏನು ಮಾಡುತ್ತಾರೆ ಎಂದು ಕೇಳಿ, ಉತ್ತರವನ್ನು ವಾಟ್ಸ್‌ಆ್ಯಪಿನಲ್ಲಿ ಬರೆಸಿಕೊಳ್ಳಬೇಕು.

ಇನ್ನು ಶುಕ್ರವಾರ. ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ವಾರದ ರಜೆ ಶುಕ್ರವಾರ. ಚೌಮಹಲ್ಲಾ ಅರಮನೆಗೂ ಅದೇ ದಿನ ರಜೆ. ಇವೆರಡನ್ನೂ ಮೊದಲ ದಿನವೇ ಮುಗಿಸುವುದೆಂದು ಯೋಜಿಸಿದ್ದ ನಾವು ಹನ್ನೊಂದೂವರೆಯ ಬಿಸಿಲಿನಲ್ಲಿ ಮುಚ್ಚಿದ ಗೇಟಿನ ಮುಂದೆ ನಿಂತಿದ್ದೆವು. ವಾರದ ರಜೆ ಎಂದರೆ ಸೋಮವಾರ ಎಂಬ ಲೆಕ್ಕವನ್ನು ಆ ಊರಿಗೂ ಅನ್ವಯಿಸಿಕೊಂಡದ್ದು ನಮ್ಮ ತಪ್ಪು. ಆದರೆ ನಮ್ಮನ್ನು ಕರೆತಂದ ಆಟೋ ಚಾಲಕನಿಗೆ ಇದು ತಿಳಿಯದಿರಲು ಸಾಧ್ಯವಿಲ್ಲ. ಮುಚ್ಚಿದ ಬಾಗಿಲಿಗೆ ಕರೆತಂದು, ಬಾಡಿಗೆ ತೆಗೆದುಕೊಂಡು, ‘ಮುತ್ತಿನ ಅಂಗಡಿಗೆ ಬಿಡಲೇ’ ಎಂದು ಅವನು ಕೇಳಿದಾಗ ಬಹಳ ಬೇಸರವಾಯಿತು.

ಬೇರೇನೂ ತೋಚದೆ ಹತ್ತಿರದ ನಯಾಪುಲ್ ಸೇತುವೆಯ ಮೇಲೆ ನೆರಳಿರುವ ಕಡೆ ನಿಂತೆವು. ಕೆಳಗೆ ಮೂಸಿ ನದಿ. ಇಂದು ಕಪ್ಪಾಗಿ, ತೆಳ್ಳಗೆ ಹರಿಯುವ ಈ ನದಿ 1908ರ ಸೆಪ್ಟೆಂಬರಿನಲ್ಲಿ ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ನಿಜಾಮರ ಸರ್ಕಾರ ಪ್ರವಾಹ ತಡೆಯುವ ಯೋಜನೆಗಾಗಿ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಊರಿನ ಮೇಲ್ಭಾಗದಲ್ಲಿ ನೀರನ್ನು ತಡೆದು ನಿಲ್ಲಿಸಬೇಕೆಂದು ಅವರು ಹೇಳಿದ್ದರಿಂದಲೇ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ಎಂಬ ಜಲಾಶಯಗಳು ಕಟ್ಟಲ್ಪಟ್ಟವು. ಆಚೆ ದಡದಲ್ಲಿ ಕಾಣುವ ಉಸ್ಮಾನಿಯಾ ಆಸ್ಪತ್ರೆಯ ಅಂಗಳದಲ್ಲಿ ಒಂದು ಹುಣಸೆಮರವಿದ್ದು, ಪ್ರವಾಹದ ದಿನ ಅದನ್ನು ಹತ್ತಿ 150ರಷ್ಟು ಜನ ಜೀವ ಉಳಿಸಿಕೊಂಡರೆಂದು ಹೇಳುತ್ತಾರೆ. ಕನ್ನಂಬಾಡಿಯ ಹೆಸರಿನೊಂದಿಗೆ ಮಾತ್ರ ವಿಶ್ವೇಶ್ವರಯ್ಯನವರನ್ನು ಬಲ್ಲ ಮಗಳು ಇದನ್ನೆಲ್ಲ ಗಮನವಿಟ್ಟು ಕೇಳಿದಳು.

ಅಲ್ಲಿಂದ ಚಾರ್ಮಿನಾರ್‌ಗೆ ಹೋದದ್ದು ಆ ದಿನದ ಎರಡನೆಯ ತಪ್ಪು. ಶುಕ್ರವಾರ ಮಧ್ಯಾಹ್ನ ಪಕ್ಕದ ಮೆಕ್ಕಾ ಮಸೀದಿಯ ಪ್ರಾರ್ಥನೆಗೆ ಸಾವಿರಾರು ಜನ ಸೇರುತ್ತಾರೆ. ಅದು ಅವರ ಪ್ರಾರ್ಥನೆಯ ಹೊತ್ತು, ಅಲ್ಲಿ ಅಡ್ಡಾಡುವ ನಾವೇ ಅಡಚಣೆ. ರಜೆಯ ಪ್ರವಾಸಿಗರೂ ಸೇರಿ, ಚಿಕ್ಕ ಮಗನ ಕೈ ಎರಡು ಸಲ ತಪ್ಪಿಹೋಯಿತು. ನನಗೆ ಜನಜಂಗುಳಿ ಸ್ವಲ್ಪವೂ ಆಗದು, ಆದ್ದರಿಂದ ನನ್ನ ಮಾತನ್ನು ಸ್ವಲ್ಪ ಕಡಿಮೆ ಮಾಡಿಯೇ ತೆಗೆದುಕೊಳ್ಳಿ. ಆದರೂ ಮರುದಿನ ಬೆಳಗ್ಗೆ ಒಂಬತ್ತೂವರೆಗೆ ಮತ್ತೆ ಹೋದಾಗ ಅದೇ ಜಾಗ ಬೇರೆಯೇ ಆಗಿ ಕಂಡಿತು. ಲಾಡ್ ಬಜಾರಿನ ಬಳೆ ಅಂಗಡಿಗಳಲ್ಲಿ ಹೆಚ್ಚಿನವು ಇನ್ನೂ ತೆರೆದಿರಲಿಲ್ಲ. 1591ರಲ್ಲಿ ಮುಹಮ್ಮದ್ ಕುಲಿ ಕುತುಬ್ ಷಾ ಕಟ್ಟಿಸಿದ ಆ ನಾಲ್ಕು ಮಿನಾರುಗಳ ಕೆಳಗೆ ನಿಂತು ಕತ್ತೆತ್ತಿ ಗಾರೆಯ ಕೆತ್ತನೆಗಳನ್ನು ನಿಧಾನವಾಗಿ ನೋಡಲಾಯಿತು. ಮೇಲಕ್ಕೆ ಹೋಗುವ ಸುರುಳಿ ಮೆಟ್ಟಿಲುಗಳು ಬಹಳ ಇಕ್ಕಟ್ಟು, ಒಂದೊಂದು ಮೆಟ್ಟಿಲೂ ಎತ್ತರ. ಮೊಣಕಾಲು ನೋವಿರುವವರು ಹತ್ತುವ ಸಾಹಸ ಮಾಡಬಾರದು. ಸುತ್ತಲಿನ ರಸ್ತೆಯಲ್ಲಿ ವಾಹನಗಳನ್ನು ದೂರದಲ್ಲೇ ನಿಲ್ಲಿಸುವುದರಿಂದ ಸ್ವಲ್ಪ ನಡೆಯಬೇಕು ಎಂಬುದೂ ನೆನಪಿರಲಿ.

ಆಟೋ ಜಗಳಗಳಿಂದ ನಮ್ಮನ್ನು ಪಾರುಮಾಡಿದ್ದು ಮೆಟ್ರೊ. ಸಿಕಂದರಾಬಾದ್ ಈಸ್ಟ್ ನಿಲ್ದಾಣದಲ್ಲಿ ಹತ್ತಿ, ಮುಂದಿನದೇ ಆದ ಪರೇಡ್ ಗ್ರೌಂಡಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡರೆ ಎಂ.ಜಿ.ಬಿ.ಎಸ್. (ಮಹಾತ್ಮ ಗಾಂಧಿ ಬಸ್ ನಿಲ್ದಾಣ) ತನಕ ನೇರವಾಗಿ ಹೋಗಬಹುದು. ಚಾರ್ಮಿನಾರ್‌ವರೆಗೆ ಈಗಿನ ಮಟ್ಟಿಗೆ ಮೆಟ್ರೊ ಇಲ್ಲ, ಕೊನೆಯ ಸ್ವಲ್ಪ ದೂರಕ್ಕೆ ಮಾತ್ರ ಆಟೋ ಬೇಕು. ಲಿಫ್ಟ್ ಇರುವುದರಿಂದ ಅತ್ತೆಯವರಿಗೆ ಎಲ್ಲಿಯೂ ಮೆಟ್ಟಿಲು ಹತ್ತುವ ಕಷ್ಟವಾಗಲಿಲ್ಲ.

ಶನಿವಾರ ಸಾಲಾರ್ ಜಂಗ್ ತೆರೆದಿತ್ತು. ಅದನ್ನು ಪೂರ್ತಿ ನೋಡುವ ಹಟ ಬೇಡ, ಮಕ್ಕಳು ಎರಡು ಗಂಟೆಗಿಂತ ಹೆಚ್ಚು ತಡೆಯುವುದಿಲ್ಲ. ಅಮೃತಶಿಲೆಯ ಮುಸುಕಿನ ರೆಬೆಕ್ಕಾಳನ್ನೂ, ಒಂದೇ ಮರದ ದಿಮ್ಮಿಯಲ್ಲಿ ಎದುರಿಗೆ ‘ಫೌಸ್ಟ್’ ನಾಟಕದ ಪಿಶಾಚಿ ಮೆಫಿಸ್ಟೋಫಿಲಿಸ್, ಹಿಂದಿನ ಕನ್ನಡಿಯಲ್ಲಿ ಅದೇ ನಾಟಕದ ಹುಡುಗಿ ಮಾರ್ಗರೆಟಾ ಕಾಣುವಂತೆ ಕೆತ್ತಿದ ಜೋಡಿ ಪ್ರತಿಮೆಯನ್ನೂ ನೋಡಿಕೊಂಡು, ಹನ್ನೆರಡಕ್ಕೆ ಕಾಲು ಗಂಟೆ ಮೊದಲೇ ಸಂಗೀತ ಗಡಿಯಾರದ ಅಂಗಳಕ್ಕೆ ಬಂದು ಜಾಗ ಹಿಡಿಯಿರಿ. ಗಡಿಯಾರದೊಳಗಿನ ಪುಟ್ಟ ಕಮ್ಮಾರ ಕ್ಷಣಕ್ಷಣಕ್ಕೂ ಸುತ್ತಿಗೆ ಬಡಿಯುತ್ತಲೇ ಇರುತ್ತಾನೆ. ಗಂಟೆಯಾಗಲು ಮೂರು ನಿಮಿಷವಿರುವಾಗ ಗಡ್ಡದ ಗೊಂಬೆಯೊಂದು ಬಾಗಿಲು ತೆರೆದುಕೊಂಡು ಹೊರಗೆ ಬಂದು, ಸಮಯವಾದೊಡನೆ ಜಾಗಟೆ ಬಾರಿಸಿ ಒಳಗೆ ಹೋಗುತ್ತದೆ. ಹನ್ನೆರಡಕ್ಕೆ ಹೋಗಿ ಎನ್ನುವುದು ಅತಿ ಹೆಚ್ಚು ಪೆಟ್ಟುಗಳು ಆಗ ಬೀಳುತ್ತವೆ ಎಂಬ ಕಾರಣಕ್ಕೆ. ಅಂಗಳದ ಜನವೆಲ್ಲ ಒಟ್ಟಿಗೆ ಪೆಟ್ಟುಗಳನ್ನು ಎಣಿಸುತ್ತಿದ್ದರು, ಮಗನ ದನಿಯೇ ಎಲ್ಲರಿಗಿಂತ ಗಟ್ಟಿಯಾಗಿತ್ತು.

ಆ ದಿನದ ಊಟದ ಬಗ್ಗೆ ವಿವರವಾಗಿ ಹೇಳಲೇಬೇಕು. ಸುಲ್ತಾನ್ ಬಜಾರ್ ಮೆಟ್ರೊ ನಿಲ್ದಾಣದಿಂದ ಐದು ನಿಮಿಷದ ಒಂದು ಓಣಿಯಲ್ಲಿ ಮನೆಯ ಮುಂಭಾಗವನ್ನೇ ಊಟದ ಮನೆ ಮಾಡಿಕೊಂಡಿದ್ದಾರೆ. ಹೊರಗಿನ ಫಲಕ ತೆಲುಗಿನಲ್ಲಿ ಮಾತ್ರ ಇದೆ. ಮಗಳು ಅಕ್ಷರಗಳನ್ನು ಒಂದೊಂದಾಗಿ ಕನ್ನಡದಂತೆಯೇ ಕೂಡಿಸಿ ‘ಭೋಜನಂ’ ಎಂದು ಓದಿದ್ದರಿಂದ ಒಳಗೆ ಹೋದೆವು. ಆರು ಮೇಜು, ಊಟಕ್ಕೆ 110 ರೂಪಾಯಿ, ಬೇಕಾದಷ್ಟು ಬಡಿಸುತ್ತಾರೆ. ಎಲೆಯ ಮೇಲೆ ಮೊದಲು ಬಿಸಿ ಅನ್ನ, ಅದಕ್ಕೆ ಕಂದಿಪುಡಿ, ಮೇಲೆ ಒಂದು ಸೌಟು ತುಪ್ಪ. ಆಮೇಲೆ ಮುದ್ದಪಪ್ಪು ಎಂಬ ಗಟ್ಟಿ ತೊಗರಿಬೇಳೆ, ಬೆಂಡೆಕಾಯಿ ಪಲ್ಯ, ಹುಳಿ, ಕೊನೆಗೆ ಕೆನೆ ಕಟ್ಟಿದ ಗಟ್ಟಿ ಮೊಸರು. ಎಲೆಯ ತುದಿಗೆ ಬಂದ, ಗೋಂಗೂರ ಎಂಬ ಹುಳಿಸೊಪ್ಪಿನ ಪಚ್ಚಡಿಯನ್ನು ರಾಯಚೂರಿನವರಾದ ಅತ್ತೆ ಬಾಯಿಗಿಟ್ಟು, ‘ಇದು ನಮ್ಮ ಪುಂಡಿಪಲ್ಯ ಕಣಮ್ಮ, ಒಗ್ಗರಣೆ ಮಾತ್ರ ಬೇರೆ’ ಎಂದರು. ಬಡಿಸುತ್ತಿದ್ದ ಹೆಂಗಸಿಗೆ ಅದನ್ನೇ ತೆಲುಗಿನಲ್ಲಿ ಹೇಳಿದಾಗ ಆಕೆ ಒಳಗೆ ಹೋಗಿ ಮೆಣಸಿನಕಾಯಿ ಹುರಿದು ಹಾಕಿದ ಇನ್ನೊಂದು ಬಗೆಯ ಗೋಂಗೂರ ತಂದು ಬಡಿಸಿ, ಪಕ್ಕದಲ್ಲೇ ನಿಂತು ಅತ್ತೆಯವರ ಮುಖ ನೋಡುತ್ತಿದ್ದರು. ಖಾರ ತಿನ್ನದ ಮಗನಿಗೆ ಪಪ್ಪು ಮತ್ತು ತುಪ್ಪದ ಅನ್ನವನ್ನು ಕೇಳದೆಯೇ ಬೇರೆಯಾಗಿ ಕಲಸಿಕೊಟ್ಟರು. ಹಿಂದಿನ ರಾತ್ರಿ ಹೆಸರುವಾಸಿ ದೊಡ್ಡ ಹೋಟೆಲಿನಲ್ಲಿ ಮುಕ್ಕಾಲು ಗಂಟೆ ಕಾದು 2,300 ರೂಪಾಯಿ ಕೊಟ್ಟು ಉಂಡದ್ದು ಯಾರಿಗೂ ನೆನಪಿಲ್ಲ. ಇಲ್ಲಿಗೆ ಸೋಮವಾರವೂ ಹೋದೆವು. ಮಧ್ಯಾಹ್ನ ಎರಡರ ಮೇಲೆ ಹೋದರೆ ಪಲ್ಯ ಮುಗಿದಿರುತ್ತದೆ.

ಭಾನುವಾರವಿಡೀ ಫಿಲ್ಮ್ ಸಿಟಿಯಲ್ಲಿ ಕಳೆಯಿತು. ಮಕ್ಕಳಿಗೆ ಇಷ್ಟವಾಯಿತು.

ಸೋಮವಾರ ಗೋಲ್ಕೊಂಡ. ಕೋಟೆಯನ್ನು ರಜೆಯ ವಾರಾಂತ್ಯಕ್ಕೆ ಇಟ್ಟುಕೊಳ್ಳಬೇಡಿ, ವಾರದ ದಿನದ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಕಾರಣ ಬಿಸಿಲೊಂದೇ ಅಲ್ಲ. ಕೆಳಗಿನ ಹೆಬ್ಬಾಗಿಲಿನ ಗುಮ್ಮಟದಡಿ ಚಪ್ಪಾಳೆ ತಟ್ಟಿದರೆ ಬೆಟ್ಟದ ತುದಿಯ ಬಾಲಾ ಹಿಸ್ಸಾರಿನಲ್ಲಿ ಕೇಳಿಸುತ್ತದೆ, ಶತ್ರು ಬಂದ ಸುದ್ದಿಯನ್ನು ಮೇಲಕ್ಕೆ ಮುಟ್ಟಿಸಲು ಮಾಡಿದ ಏರ್ಪಾಡು ಅದು. ಜನ ತುಂಬಿದ ಹೊತ್ತಿನಲ್ಲಿ ನೂರು ಜನ ಒಟ್ಟಿಗೆ ತಟ್ಟುತ್ತಿರುವಾಗ ಏನೂ ತಿಳಿಯುವುದಿಲ್ಲ. ಸುಮಾರು 360 ಮೆಟ್ಟಿಲುಗಳನ್ನು ಅತ್ತೆಯವರು ಹತ್ತುವಂತಿರಲಿಲ್ಲ. ಅವರೂ ಯಜಮಾನರೂ ಕೆಳಗೆ ಉಳಿದರು, ನಾನು ಮಕ್ಕಳೊಂದಿಗೆ ಅಲ್ಲಲ್ಲಿ ಕೂತು ಮುಕ್ಕಾಲು ಗಂಟೆಯಲ್ಲಿ ತುದಿ ಮುಟ್ಟಿದೆ. ಫೋನು ಮಾಡಿ ಹೇಳಿದ ಮೇಲೆ ಅತ್ತೆ ಮೂರು ಸಲ ಚಪ್ಪಾಳೆ ತಟ್ಟಿದರು. ಕೆಳಗೆ ಜನ ಚುಕ್ಕಿಗಳಂತೆ ಕಾಣುತ್ತಿದ್ದರು, ಗಾಳಿ ಬೀಸುತ್ತಿತ್ತು. ಆ ಗಾಳಿಯ ನಡುವೆ ಒಣಕಡ್ಡಿ ಮುರಿದಂತೆ ಮೂರು ಸಣ್ಣ ಸದ್ದುಗಳು ಸ್ಪಷ್ಟವಾಗಿ ಬಂದವು. ಮಗ ‘ಅಜ್ಜಿ, ಕೇಳಿಸ್ತು’ ಎಂದು ಫೋನನ್ನು ಮರೆತು ಬೆಟ್ಟದ ಕೆಳಕ್ಕೆ ಕೂಗಿದ. ಹತ್ತಲಾಗದವರನ್ನು ಕೋಣೆಯಲ್ಲೇ ಬಿಟ್ಟು ಹೋಗಬೇಡಿ ಎಂದು ನಾನು ಹೇಳುವುದು ಇದಕ್ಕಾಗಿಯೇ. ನೀರನ್ನು ಕೆಳಗಿನಿಂದಲೇ ಒಯ್ಯಿರಿ.

ಕೊನೆಯದಾಗಿ ಹಿಂತಿರುಗಿದ ಬಸ್ಸು. ರೈಲಿನಲ್ಲಿ ಸೀಟು ಸಿಗದೆ ಖಾಸಗಿ ಹವಾನಿಯಂತ್ರಿತ ಸ್ಲೀಪರ್ ಬಸ್ಸಿನಲ್ಲಿ, ಅತ್ತೆಯವರಿಗೆಂದು ಕೆಳಗಿನ ಬರ್ತ್ ಆರಿಸಿ, ಐದು ಟಿಕೆಟ್ ಮಾಡಿಸಿದ್ದೆವು. ಲಕಡಿಕಾಪೂಲಿನಲ್ಲಿ ರಾತ್ರಿ ಒಂಬತ್ತೂವರೆಗೆ ಬರಬೇಕಾದ ಬಸ್ಸು ಹನ್ನೊಂದೂವರೆಗೆ ಬಂತು. ಅದರ ನಂಬರು ಸಂದೇಶದಲ್ಲಿದ್ದ ನಂಬರಾಗಿರಲಿಲ್ಲ, ಬೇರೆ ಬಸ್ಸನ್ನು ಕಳಿಸಿದ್ದರು. ಅದರ ಬರ್ತ್‌ಗಳ ಕ್ರಮವೂ ಬೇರೆಯಾಗಿ, ನಮಗೆ ಸಿಕ್ಕ ಐದೂ ಮೇಲಿನವು. ಸಾಮಾನು ಆಗಲೇ ಡಿಕ್ಕಿಯೊಳಗೆ ಹೋಗಿತ್ತು, ಬಸ್ಸು ಹೊರಟಿತ್ತು, ನಿರ್ವಾಹಕ ‘ಅಡ್ಜಸ್ಟ್ ಮಾಡಿಕೊಳ್ಳಿ’ ಎನ್ನುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಅನಂತಪುರದ ಒಬ್ಬ ಹುಡುಗ ತಾನಾಗಿ ಎದ್ದು ಕೆಳಗಿನ ಬರ್ತನ್ನು ಅತ್ತೆಯವರಿಗೆ ಬಿಟ್ಟುಕೊಟ್ಟ. ಜಡ್ಚರ್ಲ ದಾಟಿದ ಮೇಲೆ ಎ.ಸಿ. ನಿಂತಿತು, ಕಿಟಕಿಗಳು ತೆರೆಯುವಂಥವಲ್ಲ. ಕರ್ನೂಲಿನ ಆಚೆ ಬಸ್ಸು ನಿಲ್ಲಿಸಿದ ಢಾಬಾದಲ್ಲಿ ಹೆಂಗಸರ ಶೌಚಾಲಯಕ್ಕೆ ಚಿಲಕವಿರಲಿಲ್ಲ, ಮಗಳು ಒಳಗಿರುವಾಗ ನಾನು ಹೊರಗೆ ಬಾಗಿಲು ಹಿಡಿದು ನಿಂತೆ. ಬೆಳಗ್ಗೆ ಎಂಟಕ್ಕೆ ತಲುಪಬೇಕಾದವರು ಬೆಂಗಳೂರು ಸೇರುವಾಗ ಹನ್ನೊಂದು ಮುಕ್ಕಾಲು.

ಸರ್ಕಾರಿ ಬಸ್ಸುಗಳು ಎಂ.ಜಿ.ಬಿ.ಎಸ್.ನ ಪ್ಲಾಟ್‌ಫಾರ್ಮಿನಿಂದಲೇ ಹೊರಡುತ್ತವೆ. ಅಲ್ಲಿ ಕೂರಲು ಜಾಗವಿದೆ, ವಿಚಾರಿಸಲು ಜನರಿದ್ದಾರೆ, ಮೆಟ್ರೊ ಪಕ್ಕದಲ್ಲೇ ಇದೆ. ಇನ್ನೊಮ್ಮೆ ಹೋದರೆ ನಾವು ಅಲ್ಲಿಂದಲೇ ಹತ್ತುವುದು. ಖಾಸಗಿ ಬಸ್ಸೇ ಅನಿವಾರ್ಯವಾದರೆ ಸಾಮಾನು ಒಳಗಿಡುವ ಮುನ್ನ ನಂಬರನ್ನೂ ಬರ್ತನ್ನೂ ಸಂದೇಶದೊಂದಿಗೆ ತಾಳೆ ನೋಡಿ, ವ್ಯತ್ಯಾಸವಿದ್ದರೆ ಅಲ್ಲಿಯೇ ಫೋಟೋ ತೆಗೆದುಕೊಳ್ಳಿ. ನಾನು ತೆಗೆದಿಟ್ಟ ಎರಡು ಫೋಟೋಗಳನ್ನು ದೂರಿನೊಂದಿಗೆ ಕಳಿಸಿದ್ದರಿಂದ, ಮೊದಲು ಒಪ್ಪದಿದ್ದವರು ಹದಿನೆಂಟು ದಿನಗಳ ಮೇಲೆ ಐದು ಟಿಕೆಟ್ಟುಗಳ ಅರ್ಧ ಹಣವನ್ನು ಖಾತೆಗೆ ಹಾಕಿದರು.