ಕಾರ್ಲ್ಸ್‌ಬ್ಯಾಡ್ ಗುಹೆಗೆ ಹೋದ್ರೆ ನಡ್ಕೊಂಡೇ ಇಳೀರಿ

ಟೆಕ್ಸಾಸಲ್ಲಿರೋ ನಮ್ಮವರು ಲಾಂಗ್ ವೀಕೆಂಡ್ ಬಂತು ಅಂದ್ರೆ ನ್ಯೂ ಮೆಕ್ಸಿಕೋ ಕಡೆ ಗಾಡಿ ತಿರುಗಿಸ್ತಾರೆ, ವೈಟ್ ಸ್ಯಾಂಡ್ಸ್ ಅನ್ನೋ ಬಿಳಿ ಮರಳು ದಿಬ್ಬಗಳನ್ನ ನೋಡ್ತಾರೆ, ಹೆಂಗೂ ಬಂದಿದೀವಲ್ಲ ಅಂತ ಕಾರ್ಲ್ಸ್‌ಬ್ಯಾಡ್ ಕ್ಯಾವರ್ನ್ಸ್ ನ್ಯಾಷನಲ್ ಪಾರ್ಕಿಗೂ ಹೋಗಿ ಲಿಫ್ಟಲ್ಲಿ ಸೀದಾ ಗುಹೆಗೆ ಇಳಿದು, ಒಂದು ರೌಂಡ್ ಹೊಡೆದು, ಫೋಟೋ ತೆಕ್ಕೊಂಡು, ಮತ್ತೆ ಲಿಫ್ಟಲ್ಲೇ ಮೇಲೆ ಬಂದು "ಚೆನ್ನಾಗಿತ್ತು" ಅಂತಾರೆ. ನನ್ನ ತಕರಾರು ಆ ಲಿಫ್ಟ್ ಬಗ್ಗೆನೇ. ಸುಮಾರು 750 ಅಡಿ, ಒಂದು ನಿಮಿಷದಲ್ಲಿ ಇಳಿಸಿಬಿಡುತ್ತೆ. ಬಾಗ್ಲು ತೆಗೆದ್ರೆ ತಿಂಡಿ ಕೌಂಟರು, ಟಾಯ್ಲೆಟ್ಟು. ಎಷ್ಟು ಆಳಕ್ಕೆ ಬಂದಿದೀವಿ ಅಂತ ಮೈಗೆ ಗೊತ್ತೇ ಆಗಲ್ಲ.

ನಾವು ಹೋಗಿದ್ದು ಜೂನಲ್ಲಿ, ಅಪ್ಪ ಅಮ್ಮ ಊರಿಂದ ಬಂದಿದ್ರು. ಅಮ್ಮಂಗೆ ಮಂಡಿ ನೋವು, ಅವರು ಅಳಿಯನ ಜೊತೆ ಲಿಫ್ಟಲ್ಲಿ ಹೋದ್ರು (ಅಂಥವರಿಗೆ ಲಿಫ್ಟ್ ಬೇಕೇ ಬೇಕು, ಅದಕ್ಕೆ ನನ್ನ ತಕರಾರಿಲ್ಲ). ನಾನೂ ಅಪ್ಪನೂ ನ್ಯಾಚುರಲ್ ಎಂಟ್ರೆನ್ಸಿಂದ, ಅಂದ್ರೆ ಗುಹೆಯ ಸಹಜ ಬಾಯಿಂದಾನೇ ನಡೆದ್ವಿ. ಒಂದೂಕಾಲು ಮೈಲಿ, ಪೂರ್ತಿ ಇಳಿಜಾರು, ಹಾವಿನ ಥರ ಸುತ್ತಿ ಸುತ್ತಿ ಇಳಿಯೋ ಸಿಮೆಂಟ್ ದಾರಿ, ಪಕ್ಕದಲ್ಲಿ ಸ್ಟೀಲ್ ಕಂಬಿ. ಗುಹೆ ಬಾಯಿ ಹತ್ರ ಕವಲುತೋಕೆ ಥರದ ಹಕ್ಕಿಗಳು ಕಿಚಿಕಿಚಿ ಅಂತ ತಲೆ ಮೇಲೇ ಹಾರಾಡ್ತಿರ್ತವೆ, ಸ್ವಲ್ಪ ಇಳಿದ್ರೆ ಮೂಗಿಗೆ ಬಾವಲಿ ಹಿಕ್ಕೆ ವಾಸನೆ ಬಡಿಯುತ್ತೆ, ಇನ್ನೂ ಇಳಿದ್ರೆ ಅದೂ ಇಲ್ಲ. ಹೊರಗೆ ಚಿವಾವಾ ಮರುಭೂಮಿಯ ಬಿಸಿಲು, ಒಳಗೆ ವರ್ಷಪೂರ್ತಿ 13 ಡಿಗ್ರಿ ಆಸುಪಾಸು. ತಿರುಗಿ ನೋಡಿದಾಗೆಲ್ಲ ಆ ಬಾಯಿ ಚಿಕ್ಕದಾಗ್ತಾ ಹೋಗುತ್ತೆ, ಒಂದು ತಿರುವು ದಾಟಿದ ಮೇಲೆ ಕಾಣೋದೇ ಇಲ್ಲ, ಆಮೇಲೆ ಅಲ್ಲೊಂದು ಇಲ್ಲೊಂದು ಲೈಟು ಅಷ್ಟೆ. ಐಸ್‌ಬರ್ಗ್ ರಾಕ್ ಅಂತ ಒಂದು ಬಂಡೆ ಇದೆ, ಯಾವ ಕಾಲದಲ್ಲೋ ಚಾವಣಿಯಿಂದ ಕಳಚಿ ಬಿದ್ದಿದ್ದು, 2 ಲಕ್ಷ ಟನ್ ಅಂತೆ. ಅಪ್ಪ ಪಿಡಬ್ಲ್ಯುಡಿಲಿ ಇದ್ದು ರಿಟೈರ್ ಆದವರು, ಅದನ್ನ ನೋಡಿ ಮೇಲಕ್ಕೊಂದ್ಸಲ ಕಣ್ಣು ಹಾಯಿಸಿ ಸುಮ್ನೆ ಸ್ಪೀಡ್ ಜಾಸ್ತಿ ಮಾಡಿದ್ರು.

ಬಿಗ್ ರೂಮ್ ಅನ್ನೋ ಭಾರಿ ಗುಹೆಕೋಣೆ ತಲುಪಿದಾಗ ಅಪ್ಪ ಕೇಳಿದ ಮೊದಲನೇ ಮಾತು, "ಕಂಬಾನೇ ಇಲ್ವಲ್ಲೇ?" 4000 ಅಡಿ ಉದ್ದ, 625 ಅಡಿ ಅಗಲ, ಎತ್ತರ ಇರೋ ಕಡೆ 255 ಅಡಿ. ನೆಲ 8.2 ಎಕರೆ. ಅಮೆರಿಕ ದೇಶದಲ್ಲಿ ಇದಕ್ಕಿಂತ ದೊಡ್ಡ ಗುಹೆಕೋಣೆ ಇಲ್ಲ. ಇಷ್ಟು ದೊಡ್ಡದು ಆಗಿದ್ದು ಹೆಂಗೆ ಅನ್ನೋದೇ ಮಜಾ. ಸಾಮಾನ್ಯವಾಗಿ ಮಳೆನೀರು ಮೇಲಿಂದ ಇಳಿದು ಸುಣ್ಣದ ಕಲ್ಲನ್ನ ಕರಗಿಸಿ ಗುಹೆ ಆಗುತ್ತೆ, ಇಲ್ಲಿ ಕೆಲಸ ನಡೆದಿದ್ದು ಕೆಳಗಿಂದ. ಆ ಭಾಗದ ನೆಲದಡಿ ಎಣ್ಣೆ, ಗ್ಯಾಸ್ ಇದ್ಯಲ್ಲ, ಅಲ್ಲಿಂದ ಹೈಡ್ರೋಜನ್ ಸಲ್ಫೈಡ್ (ಕೊಳೆತ ಮೊಟ್ಟೆ ವಾಸನೆ ಬರುತ್ತಲ್ಲ, ಅದೇ) ಮೇಲೆ ಬಂದು, ಆಮ್ಲಜನಕ ಇರೋ ನೀರಿಗೆ ಸೇರಿ ಸಲ್ಫ್ಯೂರಿಕ್ ಆಸಿಡ್ ಆಗಿ, 40-60 ಲಕ್ಷ ವರ್ಷದ ಹಿಂದೆ ಬೆಟ್ಟವನ್ನ ಒಳಗಿಂದ ತಿಂದುಹಾಕಿದೆ. ಬೆಟ್ಟಾನೂ ಮೂಲದಲ್ಲಿ ಸಮುದ್ರದ ರೀಫು (ಸಮುದ್ರಜೀವಿಗಳು ಕಟ್ಟಿದ ಕಲ್ಲಿನ ದಿಬ್ಬ), ಸುಮಾರು 26 ಕೋಟಿ ವರ್ಷ ಹಳೇದು. ಚಾವಣಿಯಿಂದ ಜೋತು ಬಿದ್ದಿರೋ ಕಲ್ಲು, ನೆಲದಿಂದ ಎದ್ದಿರೋ ಕಲ್ಲು ಎಲ್ಲ ಆಮೇಲೆ ಹನಿ ಹನಿಯಾಗಿ ಬೆಳೆದಿದ್ದು.

ಬಾಟಮ್‌ಲೆಸ್ ಪಿಟ್ ಅಂತ ಒಂದು ಗುಂಡಿ ಇದೆ. ತಳ ಇಲ್ಲ ಅಂತ ಹೆಸರು, ಅಳೆದ್ರೆ 140 ಅಡಿ. ಅಪ್ಪ ಬೋರ್ಡ್ ಓದಿ ನಕ್ಕಿದ್ದೇ ನಕ್ಕಿದ್ದು.

ಅಮ್ಮ ಮಾತ್ರ ಬಿಗ್ ರೂಮಲ್ಲೇ ಇರೋ ಹಾಲ್ ಆಫ್ ಜೈಂಟ್ಸ್ ಅನ್ನೋ ಜಾಗದಲ್ಲಿ ನಿಂತುಬಿಟ್ರು. ಅಲ್ಲಿ ಜೈಂಟ್ ಡೋಮ್ ಅನ್ನೋ ಕಲ್ಲು 62 ಅಡಿ ಎತ್ತರ ಇದೆ, ಅವರ ಕಣ್ಣು ಬಿದ್ದಿದ್ದು ಅದರ ಮೇಲಲ್ಲ, ದಾರಿ ಪಕ್ಕದಲ್ಲಿದ್ದ ಮೊಳಕಾಲುದ್ದದ ಒಂದು ಕಲ್ಲಿನ ಮೇಲೆ. ಗುಂಡಗೆ, ಒದ್ದೆಯಾಗಿ ಹೊಳೀತಿತ್ತು, ಮೇಲಿಂದ ಒಂದು ಹನಿ ಟಪ್ ಅಂತ ನೆತ್ತಿ ಮೇಲೇ ಬೀಳೋದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. "ದಾಂಡೇಲಿ ಹತ್ರ ಕವಳ ಗುಹೇಲಿ ಇರೋ ಲಿಂಗಾನೂ ಹಿಂಗೇ, ದಿನಾ ಅಭಿಷೇಕ" ಅಂದು ಕೈ ಮುಗಿದ್ರು. ಮುಟ್ಟಂಗಿಲ್ಲ ಅಂತ ರೇಂಜರ್ ಮೊದಲೇ ಹೇಳಿದ್ರು, ನಮ್ಮ ಕೈಯಿನ ಎಣ್ಣೆಯಂಶ ಕೂತ್ರೆ ಕಲ್ಲಿನ ಬಣ್ಣ ಕೆಡುತ್ತೆ, ಆ ಜಾಗದಲ್ಲಿ ಬೆಳವಣಿಗೆನೂ ನಿಲ್ಲಬಹುದು.

ಕೈ ಬಿಡಿ, ನಮ್ಮ ಬಟ್ಟೆಯಿಂದಾನೂ ತೊಂದರೆ ಅಂತ ನಂಗೆ ಗೊತ್ತಿರ್ಲಿಲ್ಲ. ಲಕ್ಷಾಂತರ ಜನ ನಡೆದಾಗ ಉದುರೋ ನೂಲು, ಕೂದಲು, ಚರ್ಮದ ಪುಡಿ ಎಲ್ಲ ಕಲ್ಲಿನ ಮೇಲೆ ಬೂದು ಬಣ್ಣಕ್ಕೆ ಕೂತುಬಿಡುತ್ತೆ, ಅದನ್ನ ತೆಗೆಯೋಕೆ ಸ್ವಯಂಸೇವಕರು ಬ್ರಷ್ಷು ಚಿಮಟ ಹಿಡ್ಕೊಂಡು ಬರ್ತಾರೆ. 2024ರಲ್ಲಿ ಯಾರೋ ಒಂದು ಚೀಟೋಸ್ (ಕುರುಕಲು ತಿಂಡಿ) ಪ್ಯಾಕೆಟ್ ಬೀಳಿಸಿ ಹೋಗಿದ್ರು, ತೇವಕ್ಕೆ ಆ ಪುಡಿ ಮೆತ್ತಗಾಗಿ, ಬೂಷ್ಟು ಹಿಡಿದು, ಹುಳ ಹುಪ್ಪಟೆ ಸೇರಿ, ರೇಂಜರ್‌ಗಳೇ ಕೂತು ಕ್ಲೀನ್ ಮಾಡ್ಬೇಕಾಯ್ತು. ಅದಕ್ಕೇ ಒಳಗೆ ನಡೀತಾ ನೀರು ಬಿಟ್ಟು ಇನ್ನೇನೂ ಬಾಯಿಗೆ ಹಾಕಂಗಿಲ್ಲ. ಚಕ್ಲಿ ಡಬ್ಬ ಕಾರಲ್ಲೇ ಬಿಡಿ.

1898ರಲ್ಲಿ ಜಿಮ್ ವೈಟ್ ಅನ್ನೋ ಹದಿಹರೆಯದ ದನ ಕಾಯೋ ಹುಡುಗ ಬೆಟ್ಟದಿಂದ ಎದ್ದ ಬಾವಲಿ ಹಿಂಡನ್ನ ಹೊಗೆ ಅನ್ಕೊಂಡು ಹುಡುಕ್ಕೊಂಡು ಬಂದು, ತಂತೀಲಿ ಕಟ್ಟಿದ ಏಣೀಲಿ ಇಳಿದನಂತೆ. ಮೊದಮೊದಲು ಬಂದ ಪ್ರವಾಸಿಗಳನ್ನ ಬಾವಲಿ ಹಿಕ್ಕೆ ತುಂಬೋ ಬಕೆಟ್ಟಲ್ಲೇ ಕೂರಿಸಿ ಇಳಿಸ್ತಿದ್ರು. ಅದರ ಮುಂದೆ ನನ್ನ ಒಂದೂಕಾಲು ಮೈಲಿ ಏನು ಮಹಾ. ಬಾವಲಿಗಳು ಈಗಲೂ ಬೇಸಿಗೇಲಿ ಸಂಜೆ ಹೊರಗೆ ಬರ್ತವೆ, ಬಾಯಿ ಎದುರೇ ಕಲ್ಲಿನ ಮೆಟ್ಟಿಲ ಮೇಲೆ ಕೂತು ನೋಡ್ಬಹುದು, ಫೋನ್ ಆಫ್ ಮಾಡಿಸ್ತಾರೆ, ಒಳ್ಳೇದೇ. ಚಳಿಗಾಲದಲ್ಲಿ ಹೋದ್ರೆ ಸಿಗಲ್ಲ, ಮೆಕ್ಸಿಕೋಗೆ ಹೋಗಿರ್ತವೆ.

ಹೋಗೋರಿಗೆ: ಒಳಗೆ ಹೋಗೋ ಟೈಮನ್ನ ಆನ್‌ಲೈನಲ್ಲಿ ಮೊದಲೇ ಬುಕ್ ಮಾಡ್ಬೇಕು. ಡಲ್ಲಾಸ್ ಕಡೆಯಿಂದ ಹೋಗೋರು ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಅನ್ನೋದು ನೆನಪಿಟ್ಕೊಳ್ಳಿ. ನಡೆದು ಇಳಿಯೋ ದಾರಿ ಲಿಫ್ಟಿಗಿಂತ ಬೇಗ ಕ್ಲೋಸ್ ಆಗುತ್ತೆ, ಬೆಳಿಗ್ಗೆನೇ ಹೋಗಿ. ಸ್ವೆಟರ್ ಬೇಕು, ಗ್ರಿಪ್ ಇರೋ ಶೂ ಬೇಕು. ಹೊರಡೋ ಮುಂಚೆ ಪಾರ್ಕಿನ ಸೈಟಲ್ಲಿ ಲಿಫ್ಟ್ ಓಡ್ತಿದ್ಯಾ ನೋಡ್ಬಿಡಿ. ಹಿಂದೆ ಕೆಟ್ಟು ನಿಂತಿದ್ದುಂಟು, ಆಗ ಇಳಿದವರೆಲ್ಲ ಅದೇ ಒಂದೂಕಾಲು ಮೈಲಿ ಹತ್ತಿಕೊಂಡು ಬರ್ಬೇಕು.