ಪಾರ್ಕಿನಾಗ ಯಾರು ಬರಂಗಿಲ್ಲ ಅಂತ ಎಣಸೂದು

ಹ್ವಾದ ಶನಿವಾರ ಸಂಜಿ ನಾಕಕ್ಕ ಗಂಗಾವತಿಯ ಒಂದು ಪಾರ್ಕಿನಾಗ ನೋಟ್‌ಬುಕ್ ಹಿಡ್ಕೊಂಡು ಕುಂತಿದ್ನಿ, ವಾಕಿಂಗ್ ಬಂದಿದ್ದ ಅಜ್ಜಾರೊಬ್ರು ನಿಂತು 'ಸರ್ವೇಕ್ಕ ಬಂದೀಯೇನವಾ, ಹಂಗಿದ್ರ ಆ ಮೂಲಿ ಲೈಟ್ ಹತ್ತಂಗಿಲ್ಲ, ಮೊದಲ ಅದನ್ನ ಬರಕೋ' ಅಂದ್ರು. ನಾ ಯಾವ ಆಫೀಸಿನಾಕಿನೂ ಅಲ್ರಿ ಅಂದ್ನಿ. ಆದ್ರೂ ಬರಕೊಂಡ್ನಿ, ಎರಡು ವರ್ಷ ಅಮೆರಿಕಾದಾಗ ನಾ ಓದಿದ್ದು ಇಂಥಾದ್ದನ್ನ ಬರಕೊಳ್ಳೂದನ್ನೇ.

ಕೋರ್ಸಿನ ಹೆಸರು ಪಾರ್ಕ್ಸ್ ಅಂಡ್ ರಿಕ್ರಿಯೇಷನ್ ಮ್ಯಾನೇಜ್‌ಮೆಂಟ್, ಅಂದ್ರ ಪಾರ್ಕು, ಮಂದಿ ಆಡೂ ಜಾಗ ನಡಸೂ ವಿದ್ಯಾ. ಅದಕ್ಕಿಂತ ಮೊದಲ ಮುನಿರಾಬಾದಿನ ತೋಟಗಾರಿಕೆ ಕಾಲೇಜಿನಾಗ ಬಿಎಸ್ಸಿ ಮಾಡಿದ್ನಿ, ಡ್ಯಾಮಿನ ಬಾಜೂಕ ಪಂಪಾವನ ಐತಲ್ಲ, ಅಲ್ಲಿ ಎಷ್ಟ್ ಸಲ ಅಡ್ಡಾಡೀನೋ ಲೆಕ್ಕ ಇಲ್ಲ, ಯಾವ ಗಿಡ ಯಾವ ಬಳ್ಳಿ ಅಂತ ನೋಡ್ಕೋಂತ ಹೋಗ್ತಿದ್ನಿ, ಅದರ ನಡುವ ಅಡ್ಡಾಡೂ ಮಂದೀನ ಮಾತ್ರ ನಾ ಯಾವತ್ತೂ ಸರಿಯಾಗಿ ನೋಡಿರಲಿಲ್ಲ.

ಅಮೆರಿಕಾದಾಗ ಮೊದಲನೇ ಸೆಮಿಸ್ಟರಿನಾಗ ನಮಗ ಕೊಟ್ಟ ಕೆಲಸ ಅಂದ್ರ ಒಂದು ಪಾರ್ಕಿಗೆ ಹೋಗಿ ಮಂದಿ ಎಣಸೂದು. ಸೋಪಾರ್ಕ್ ಅಂತ ಅದಕ್ಕೊಂದು ಪದ್ಧತಿ ಐತಿ. ಪಾರ್ಕನ್ನ ತುಂಡು ತುಂಡು ಮಾಡ್ಕೊಂಡು, ಒಂದೊಂದು ತುಂಡನ್ನ ಎಡದಿಂದ ಬಲಕ್ಕ ಕಣ್ಣಾಡಿಸಿ, ಗಂಡಸ್ರೆಷ್ಟು ಹೆಂಗಸ್ರೆಷ್ಟು, ಹುಡುಗ್ರೆಷ್ಟು ವಯಸ್ಸಾದವ್ರೆಷ್ಟು, ಕುಂತಾರೋ ನಡ್ಯಾಕತ್ತಾರೋ ಓಡಾಕತ್ತಾರೋ ಅಂತ ಬರಕೊಳ್ಳೂದು, ದಿನಕ್ಕ ಬ್ಯಾರೆ ಬ್ಯಾರೆ ಹೊತ್ತಿನಾಗ. ನಾ ಎಲ್ಲಾ ತುಂಬಿ ಕೊಟ್ಟ ಮ್ಯಾಲ ಮೇಡಂ ಒಂದೇ ಮಾತು ಕೇಳಿದ್ರು, ಇದ್ದವ್ರನ್ನ ಎಣಸಿದಿ, ಬಾಜೂದ ಓಣ್ಯಾಗ ಇದ್ದೂ ಇಲ್ಲಿಗೆ ಬರದವ್ರು ಯಾರು? ಆ ಪ್ರಶ್ನಿ ಇವತ್ತಿಗೂ ನನ್ನ ಬಿಟ್ಟಿಲ್ಲ.

ಬಜೆಟ್, ಕಾನೂನು, ಸಿಬ್ಬಂದಿ ಅಂತೆಲ್ಲಾ ಪೇಪರ್ ಇದ್ವು, ಅವು ಎಲ್ಲಾ ಮ್ಯಾನೇಜ್‌ಮೆಂಟ್ ಕೋರ್ಸಿನಾಗೂ ಇರ್ತಾವ. ನನ್ನ ಮನಸಿಗೆ ಹತ್ತಿದ್ದು ಆಟದ ಜಾಗದ ಸುರಕ್ಷತೆ. ಜಾರಬಂಡಿ ಬಣ್ಣ ಯಾವುದರ ಇರಲಿ, ಮೊದಲ ನೋಡೂದು ಕೂಸು ಬಿದ್ರ ಪೆಟ್ಟು ತಡ್ಯಾಕ ಅದರ ಬುಡಕ ಏನ್ ಹಾಸ್ಯಾರ ಅಂತ. ಅಮೆರಿಕಾದ ಸರಕಾರಿ ಕೈಪಿಡಿ ಪ್ರಕಾರ ಕಟಗಿ ಚೂರು 9 ಇಂಚು ದಪ್ಪ ಹಾಸಿದ್ರ 10 ಅಡಿ ಎತ್ತರದ ಆಟದ ಸಾಮಾನಿನವರೆಗೂ ನಡೀತೈತಿ, ಅದೇ 9 ಇಂಚು ಉಸುಕು ಹಾಕಿದ್ರ 4 ಅಡಿಗಷ್ಟ. ಸಿಮೆಂಟು, ಡಾಂಬರು ಹಾಕಂಗೇ ಇಲ್ಲ. ಇನ್ನ ಕಂಬಿ ಸಂದಿ ಮೂರೂವರೆ ಇಂಚಿಗಿಂತ ಸಣ್ಣದಿರಬೇಕು ಇಲ್ಲಾಂದ್ರ 9 ಇಂಚಿಗಿಂತ ದೊಡ್ಡದಿರಬೇಕು, ನಡುವಿನ ಅಳತಿ ಇದ್ರ ಕೂಸಿನ ಮೈ ತೂರಿ ತಲಿ ಸಿಕ್ಕೊಂತೈತಿ. ಊರಿಗೆ ಬಂದ ಮ್ಯಾಲ ಟೇಪ್ ತಗೊಂಡು ಅಣ್ಣನ ಮಗನ ಜೋಡಿ ಹೋಗಿ ಅಳದ್ನಿ. ಜಾರಬಂಡಿ ಕೆಳಗ ಸಿಮೆಂಟ್ ಬ್ಲಾಕ್, ಏಣಿ ಕಂಬಿ ಸಂದಿ ಐದು ಇಂಚು. ಅಂವ ಅದನ್ನ ದಿನಾ ಹತ್ತತಾನ್ರಿ. ಕಾಂಕ್ರೀಟ್ ಹಾಕೂ ರೊಕ್ಕದಾಗ ಮೆತ್ತಗಿನದೇನರ ಹಾಸಬಹುದಿತ್ತು ಅಂತ ಹೊಟ್ಟಿ ಉರೀತು.

ಗೇಟಿಂದೂ ಹಂಗ. ದನ, ಬೈಕು ಒಳಗ ಬರಬಾರದು ಅಂತ ತಿರಗಣಿ ಗೇಟ್ ಹಾಕ್ಯಾರ, ಅದು ಖರೇನ ಬೇಕು, ಆದ್ರ ವೀಲ್‌ಚೇರಿನವ್ರು, ಕೂಸಿನ ಗಾಡಿ ತಳ್ಳೂ ತಾಯಿ ಅಲ್ಲೇ ನಿಂತ್ರು.

ನಮ್ಮ ಗಂಗಾವತಿ ಹತ್ರದ ಹನುಮಪ್ಪನ ಗುಡ್ಡ ಅಂಜನಾದ್ರಿ ಬಗ್ಗೆ ನಾ ಅಮೆರಿಕಾದಾಗ ಒಂದು ಪೇಪರ್ ಬರದಿದ್ನಿ. 575 ಮೆಟ್ಲು. ಮೊದಲೆಲ್ಲಾ ಅಮೆರಿಕಾದವ್ರು ಒಂದು ಕಾಡಿಗೆ, ಒಂದು ಗುಡ್ಡಕ್ಕ ಎಷ್ಟು ಮಂದಿ ಹಿಡಸ್ತಾರ ಅಂತ ಒಂದು ನಂಬರ್ ಹುಡುಕ್ತಿದ್ರಂತ, ಅದು ಬಗೆಹರೀಲಿಲ್ಲ, 1985ರಾಗ ಅಲ್ಲಿನ ಅರಣ್ಯ ಇಲಾಖೆಯವ್ರು ಪ್ರಶ್ನಿನ ತಿರುಗಿಸಿದ್ರು, ಎಷ್ಟು ಮಂದಿ ಅನ್ನೂದು ಬಿಟ್ಟು ಈ ಜಾಗ ಎಷ್ಟು ಬದಲಾದ್ರ ನಾವು ಒಪ್ತೀವಿ ಅಂತ ಕೇಳಾಕ ಶುರು ಮಾಡಿದ್ರು. ಅಂಜನಾದ್ರಿಗೆ ಬರೂ ಭಕ್ತರನ್ನ ಯಾರೂ ತಡ್ಯಾಕ ಆಗಂಗಿಲ್ಲ, ತಡೀಲೂಬಾರದು. ಆದ್ರ ಬ್ಯಾಸಗಿ ಬಿಸಿಲಿನಾಗ ಅರ್ಧ ಹತ್ತಿದ ವಯಸ್ಸಾದವ್ರಿಗೆ ನೆರಳೆಲ್ಲಿ, ಖಾಲಿ ಬಾಟ್ಲಿ ಎಲ್ಲಿ ಬೀಳ್ತಾವ, ಮಂಗ್ಯಾಗಳು ಏನ್ ತಿಂತಾವ, ಇವನ್ನ ಅಳೀಬಹುದು, ಇದಕ್ಕಿಂತ ಕೆಡಬಾರದು ಅಂತ ಗೆರಿ ಹಾಕಬಹುದು.

ಅದೇ 1985ರಾಗ ನಮ್ಮ ಕರ್ನಾಟಕದಾಗ ಪಾರ್ಕು, ಆಟದ ಬಯಲು, ಖಾಲಿ ಜಾಗ ಉಳಸಾಕ ಒಂದು ಕಾಯ್ದೆ ಬಂದೈತಿ, ಊರಿನಾಗ ಇಂಥಾ ಜಾಗ ಯಾವ್ಯಾವು ಅದಾವ ಅಂತ ಪಟ್ಟಿ ಮಾಡಬೇಕು ಅಂತ ಅದರಾಗ ಐತಿ. ಆ ಪಟ್ಟಿ ನೋಡಬೇಕು ಅಂತ ಒಂದು ಕಚೇರಿಗೆ ಮೂರು ಸಲ ಹೋಗಿ ಬಂದೀನಿ, ಮುಂದಿನ ವಾರ ಬರ್ರಿ ಅಂದಾರ. ಹೋಗ್ತೀನಿ.

ಇನ್ನ ಆ ಶನಿವಾರದ ಮಾತು. ಅವ್ವನ್ನ ಜೋಡಿ ಕರಕೊಂಡು ಹೋಗಿದ್ನಿ. ಇಷ್ಟು ವರ್ಷ ಆಕಿ ಇದೇ ಪಾರ್ಕಿನ ಮುಂದಿನಿಂದ ಸಂತಿಗೆ ಹೋಗಿ ಬಂದಾಳ, ಒಳಗ ಕಾಲಿಟ್ಟಿಲ್ಲ. ಯಾಕವಾ ಅಂದ್ರ 'ಅಲ್ಲೇನ್ ಕೆಲಸ ನಂಗ' ಅಂತಾಳ. ಊರ ಅಳ್ಳಿ ಕಟ್ಟಿಮ್ಯಾಲ ಗಂಡಸ್ರು ಕುಂದರ್ತಿದ್ರು, ಹೆಂಗಸ್ರು ನೀರಿಗೆ ಹೋದಾಗ, ಗುಡಿಗೆ ಹೋದಾಗ ನಾಕ್ ಮಾತಾಡಿ ಬರ್ತಿದ್ರು, ಕೈಯಾಗ ಕೆಲಸ ಇಲ್ಲದ ಬಯಲಿನಾಗ ಕುಂದ್ರೂದು ಆಕಿಗೆ ರೂಢಿನ ಇಲ್ಲ. ಬೆಂಚುಗಳು ಸಾಲಾಗಿ ಒಂದೇ ದಿಕ್ಕಿಗೆ ಇದ್ವು, ನಾಕ್ ಮಂದಿ ಮಕಾ ಮಕಾ ನೋಡ್ಕೋಂತ ಮಾತಾಡಾಕ ಬರಂಗಿಲ್ಲ. ಅವ್ವ ಬೆಂಚ್ ಬಿಟ್ಟು ಬೇವಿನ ಗಿಡದ ಬುಡಕ ಚಪ್ಪಲ್ ಬಿಟ್ಟು ನೆಲದ ಮ್ಯಾಲ ಕುಂತ್ಲು. ಸ್ವಲ್ಪ ಹೊತ್ತಿಗೆ ಓಣ್ಯಾಗಿನ ಇಬ್ರು ಕಾಕಿಯವ್ರು ಕಂಡ್ರು, ಕರದ್ಲು, ಅವರ ಹಿಂದ ಇನ್ನಿಬ್ರು. ನನ್ನ ನೋಟ್‌ಬುಕ್ಕಿನಾಗ ಹೆಂಗಸ್ರ ಕಾಲಂ ಮೊದಲನೇ ಸಲ ಐದಾತು. ನಗೂ ಸಪ್ಪಳ ನಾ ಕುಂತಲ್ಲಿಗೇ ಕೇಳತಿತ್ತು, ಅವ್ವ ಹಂಗ ನಕ್ಕಿದ್ದು ನಾ ನೋಡಿ ಬಾಳ ದಿನ ಆಗಿತ್ತು.

ಆ ಮೂಲಿ ಲೈಟ್ ಬೇವಿನ ಗಿಡದ್ದೇ. ಕಡೀ ಸಾಲು ಹಿಂಗ ಬರಕೊಂಡೀನಿ: 6:50, ಹೆಂಗಸ್ರು ಐದು ಮಂದಿ, ಕತ್ತಲಾತು ಅಂತ ಎದ್ದು ಹೊಂಟ್ರು. ಗಂಡಸ್ರು ಕುಂತಾರ.